ಸಾಲಗಾರನ ಊಟದ ಖರ್ಚು

ಹೋದ ತಿಂಗಳು ಬಂಗಾರಪೇಟೆ ಸಂತೆಯಲ್ಲಿ ಕಾಮಸಮುದ್ರದ ಕಡೆಯ ಸೊಪ್ಪಿನವನೊಬ್ಬ ನನ್ನ ಗುರುತು ಹಿಡಿದು, "ನಿಮ್ಮ ಮೆಸ್ಸಿನಕ್ಕ ಓಗ್ಬುಟ್ರು ಸಾಮಿ, ಹದಿನೈದು ದಿನ ಆತು" ಅಂದ. ನಾನು ದುಡ್ಡು ಕೊಟ್ಟೆ, ಅವನು ಚಿಲ್ಲರೆ ಕೊಟ್ಟ, ಎಣಿಸದೆ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಹೆಂಡತಿ "ಸೊಪ್ಪೆಲ್ಲಿ?" ಎಂದಾಗಲೇ ಕಟ್ಟನ್ನು ಅಲ್ಲೇ ಬಿಟ್ಟು ಬಂದದ್ದು ಗೊತ್ತಾಯಿತು.

ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೊಂದು ಕಾರಣ ಇದೆ. ಅವರು ದಾವೆ ಹೂಡಿದ ಮೇಲೆ ಮೊದಲ ವಾಯಿದೆಯ ದಿನ ಕೋರ್ಟಿನ ಜವಾನ ಪಡಸಾಲೆಗೆ ಬಂದು ಅವರ ಹೆಸರನ್ನು ಮೂರು ಸಲ ಕೂಗಿದ. ಎಲ್ಲರ ಹೆಸರನ್ನೂ ಹಾಗೇ ಕೂಗುತ್ತಾರೆ. ಆದರೆ ಅಕ್ಕ ಹೊರಗೆ ಬಂದವರೇ ನನ್ನ ಮೇಲೆ ಹರಿಹಾಯ್ದರು. "ನಮ್ಮಪ್ಪ ಇಟ್ಟ ಎಸರು ಕಣ್ಲಾ ಅದು! ಕಟ್ಕೊಂಡ ಗಂಡ ಒಂದಿನ ಬಾಯ್ಬಿಟ್ಟು ಕೂಗಿದ್ದಿಲ್ಲ. ಈವತ್ತು ಅವನ್ಯಾವನೋ ಬೀದೀಗೆಲ್ಲ ಕೇಳಂಗೆ ಅರಚ್ದ. ಇನ್ಮೇಲೆ ಯಾರೂ ಕೂಗೋದು ಬ್ಯಾಡ." ಅವರ ಮಾತನ್ನು ಇದೊಂದು ವಿಷಯದಲ್ಲಾದರೂ ನಡೆಸಿಕೊಡುತ್ತೇನೆ.

ಕೋಲಾರದ ಚಿನ್ನದ ಗಣಿಗಳ ಪೈಕಿ ಕೋರಮಂಡಲ್ ಗಣಿಯ ಟೈಂ ಆಫೀಸಿನಲ್ಲಿ ನಾನು ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಹೋಟೆಲಿನ ಊಟ ತಿಂದು ತಿಂದು ಹೊಟ್ಟೆ ಕೆಟ್ಟು ಕೂತಿದ್ದಾಗ ಯಾರೋ ಉರಿಗಾಂನ ಅಕ್ಕನ ಮೆಸ್ಸು ತೋರಿಸಿದರು. ಮೆಸ್ಸು ಅಂದರೆ ಬೋರ್ಡಿಲ್ಲ, ಬೆಂಚಿಲ್ಲ. ಗಣಿ ಕೂಲಿಗಳಿಗೆ ಕಟ್ಟಿಸಿಕೊಟ್ಟ ಲೈನು ಮನೆಗಳಲ್ಲಿ ಒಂದು. ಎರಡು ಕೋಣೆ, ಹಿಂದೊಂದು ತಗಡಿನ ಚಪ್ಪರ, ನೆಲದ ಮೇಲೆ ಸಾಲಾಗಿ ಮುತ್ತುಗದ ಎಲೆ. ಮುದ್ದೆ, ಹುರುಳಿ ಸಾರು, ಅನ್ನ, ಮಜ್ಜಿಗೆ. ವಾರಕ್ಕೊಂದು ದಿನ ಬಸ್ಸಾರು. ಆ ಬಸ್ಸಾರಿನ ದಿನ ಪಾಳಿ ಬದಲಾಯಿಸಿಕೊಂಡು ಬರುವವರಿದ್ದರು. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇದ್ದುದರಿಂದ ನನಗೆ ಇದು ಚೆನ್ನಾಗಿ ಗೊತ್ತು.

ಅಕ್ಕ ಎತ್ತರದ ಆಳು. ಮುಂಗೈ ತುಂಬ ಹಚ್ಚೆ, ಹಚ್ಚೆಯ ಮೇಲೆ ಬೆಂಕಿ ತಾಗಿದ ಕಲೆ. ಬೈಯುವುದೆಲ್ಲ ತಮಿಳಿನಲ್ಲಿ, ದೇವರಿಗೆ ಹರಕೆ ಹೊರುವುದು ತೆಲುಗಿನಲ್ಲಿ, ಮುನಿಸಿಕೊಂಡರೆ ಮಾತ್ರ ಕಾಮಸಮುದ್ರದ ಕಡೆಯ ಅಪ್ಪಟ ಕನ್ನಡ. ಯಾರಾದರೂ ಉಣ್ಣುತ್ತಿರುವಾಗ ಅವರು ಕೂತದ್ದನ್ನು ನಾನು ನೋಡಿಲ್ಲ. ಒಮ್ಮೊಮ್ಮೆ ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗುತ್ತಿತ್ತು, ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಆಗ ಸೌಟನ್ನು ಪಾತ್ರೆಯೊಳಗೇ ಬಿಟ್ಟು, ಆ ಹೊತ್ತಿಗೆ ಗಣಿಗೆ ಇಳಿದಿದ್ದ ತಮ್ಮ ಗಿರಾಕಿಗಳ ಹೆಸರನ್ನು ಒಂದೊಂದಾಗಿ ಗೊಣಗುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಷ್ಟೂ ಜನ ಬರುವ ತನಕ ಒಲೆಗೆ ಸೌದೆ ಹಾಕುತ್ತಿರಲಿಲ್ಲ.

ಅವರ ಗಂಡ ಹೋದದ್ದೂ ಹಾಗೇ. ಅವತ್ತು ಗಂಡ ಎಲೆ ಮುಂದೆ ಕೂತಿದ್ದಾಗ ಇವರು ಯಾವುದೋ ಚೀಟಿ ದುಡ್ಡಿನ ಮಾತು ತೆಗೆದರಂತೆ. ಆತ ಸಿಟ್ಟಿನಿಂದ ಅರ್ಧಕ್ಕೇ ಎದ್ದು ಪಾಳಿಗೆ ಹೋದ. ಅದೇ ಪಾಳಿಯಲ್ಲಿ ಬಂಡೆ ಸಿಡಿಯಿತು. ಇದನ್ನು ಅಕ್ಕ ನನಗೆ ಹೇಳಿದ್ದು ಒಂದೇ ಸಲ, ಅದೂ ಬೆನ್ನು ತಿರುಗಿಸಿಕೊಂಡು, ಮುದ್ದೆ ತೊಳಸುತ್ತ. ಅಂದಿನಿಂದ ಅವರ ಮನೆಯಲ್ಲಿ ಒಂದು ಕಟ್ಟಳೆ. ಎಲೆ ಮುಂದೆ ಕೂತವನ ಹತ್ತಿರ ದುಡ್ಡಿನ ಮಾತಾಡಬಾರದು. ಅವನನ್ನು ಎಬ್ಬಿಸಬಾರದು. ಬೇಕು ಅಂದದ್ದನ್ನು ಇಲ್ಲ ಅನ್ನಬಾರದು. ತಿಂಗಳ ಬಾಕಿ ಕೇಳಬೇಕಾದರೂ ಗಿರಾಕಿ ಕೈತೊಳೆದು ಬೀದಿಗೆ ಇಳಿದ ಮೇಲೆ ಹಿಂದಿನಿಂದ ಓಡಿಹೋಗಿ ಕೇಳುತ್ತಿದ್ದರು. ಕೆಲವರು ಕೈತೊಳೆಯುತ್ತಲೇ ಓಟ ಕೀಳುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆ.

ಗಂಡ ಸತ್ತಾಗ ಕೈಗೆ ಬಂದ ಪರಿಹಾರದ ದುಡ್ಡನ್ನು ಅವರು ಮುಟ್ಟಿರಲಿಲ್ಲ. ಆಮೇಲೆ ಮೆಸ್ಸಿನಲ್ಲಿ ಉಳಿದದ್ದನ್ನೂ ಅದಕ್ಕೇ ಸೇರಿಸುತ್ತಿದ್ದರು. ಅದಕ್ಕೊಂದು ಗುರಿ ಇತ್ತು. ಆ ಲೈನು ಮನೆ ಇದ್ದದ್ದು ಅಕ್ಕನ ತಮ್ಮನ ಹೆಸರಿನಲ್ಲಿ. ಆತ ಗಣಿಯೊಳಗೆ ಕಲ್ಲು ಕೊರೆಯುವ ಕೆಲಸದವನು, ಮದುವೆಯಾಗಿರಲಿಲ್ಲ, ಮಾತು ಕಮ್ಮಿ. ಕಲ್ಲಿನ ಧೂಳು ಕುಡಿದು ಅವನ ಎದೆ ಆಗಲೇ ಗೊರಗೊರ ಅನ್ನುತ್ತಿತ್ತು. ಅವನನ್ನು ಕೆಲಸಕ್ಕೆ ಆಗದವನು ಎಂದು ಡಾಕ್ಟರು ಬರೆದ ದಿನ ಮನೆ ಖಾಲಿ ಮಾಡಬೇಕು. ಮನೆ ಹೋದರೆ ಮೆಸ್ಸೂ ಹೋಯಿತು. ಅಷ್ಟರೊಳಗೆ ಬಂಗಾರಪೇಟೆಯಲ್ಲಿ ಎರಡು ಕೋಣೆಯ ಸ್ವಂತ ಮನೆ ಮಾಡಿಕೊಳ್ಳಬೇಕು, ಸ್ಟೇಷನ್ ಹತ್ತಿರ ಆದರೆ ಅಲ್ಲೂ ಮೆಸ್ಸು ನಡೆಸಬಹುದು ಎಂಬುದು ಅವರ ಯೋಚನೆ.

ಆ ದಳ್ಳಾಳಿಯನ್ನು ಮೆಸ್ಸಿಗೆ ಮೊದಲು ಕರೆದುಕೊಂಡು ಬಂದವನು ನಾನು. ಮನೆ, ಸೈಟು, ಜಮೀನು ಕೊಡಿಸುವುದು ಅವನ ಕಸುಬು. ನನ್ನ ಭಾವನಿಗೆ ಬಂಗಾರಪೇಟೆಯಲ್ಲಿ ಒಂದು ಬಾಡಿಗೆ ಮನೆಯನ್ನು ನ್ಯಾಯವಾಗಿಯೇ ಕೊಡಿಸಿದ್ದ. ಕಪ್ಪು ಕೋಟು, ಕಂಕುಳಲ್ಲಿ ಛತ್ರಿ, ಬಾಯಲ್ಲಿ ಎಲೆಯಡಿಕೆ. ಏನು ಕೇಳಿದರೂ "ಆಗೋಯ್ತು ಅಂದ್ಕೊಳ್ಳಿ" ಅನ್ನುತ್ತಿದ್ದ. ಅಕ್ಕನನ್ನು ಮೊದಲ ದಿನವೇ "ಅಕ್ಕಯ್ಯಾ" ಅಂತ ಕರೆದ. ಸಾರು ಹೊಗಳಿದ. ಎರಡನೇ ವಾರ ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದು ಹೆಂಚಿನ ಮನೆ ತೋರಿಸಿದ. ಅಕ್ಕ ಬಾವಿಯಿಂದ ಒಂದು ಬಿಂದಿಗೆ ಸೇದಿ, ಬೊಗಸೆಯಲ್ಲಿ ಕುಡಿದು, "ನೀರು ಸೀಯೈತೆ" ಅಂದರು. ಅಷ್ಟೇ ಅವರ ಪರೀಕ್ಷೆ. ಸಾವಿರದ ಎಂಟುನೂರು ರೂಪಾಯಿ ನನ್ನೆದುರಿಗೇ ಕೊಟ್ಟರು. ರಸೀದಿ ಬರೆದವನು ನಾನೇ. ಸ್ಟಾಂಪಿನ ಮೇಲೆ ಅವನು ದೊಡ್ಡದಾಗಿ ಸಹಿ ಹಾಕಿದ, ಸಾಕ್ಷಿಗೆ ನನ್ನ ಸಹಿ.

ಮೂರು ತಿಂಗಳಿಗೆ ಆ ಮನೆಗೆ ಬೇರೆ ಯಾರೋ ಹಾಲುಕ್ಕಿಸಿದರು. ಅಕ್ಕನ ದುಡ್ಡು ಮನೆಯ ಯಜಮಾನನಿಗೆ ಮುಟ್ಟಿಯೇ ಇರಲಿಲ್ಲ. ದಳ್ಳಾಳಿ ಅದನ್ನು ಇನ್ಯಾವುದೋ ಜಮೀನಿಗೆ ಹಾಕಿ ಮುಳುಗಿಸಿಕೊಂಡಿದ್ದ. ಕೇಳಿದರೆ, "ನಿಮ್ಮ ದುಡ್ಡು ಎಲ್ಲಿಗೂ ಓಗಲ್ಲ ಅಕ್ಕಯ್ಯಾ, ಬಂದೋಯ್ತು ಅಂದ್ಕೊಳ್ಳಿ."

ಇಲ್ಲಿಂದ ಮುಂದಿನ ಎರಡು ವರ್ಷವನ್ನು ನೆನೆದರೆ ನಗು ಬರುತ್ತದೆ, ಹಿಂದೆಯೇ ಹೊಟ್ಟೆಯೂ ಉರಿಯುತ್ತದೆ. ಆ ಮಹಾನುಭಾವ ಅಕ್ಕನ ಕಟ್ಟಳೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ವಾರಕ್ಕೆರಡು ದಿನ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಬಂದು ಕೂತುಬಿಡುತ್ತಿದ್ದ. ಅಕ್ಕ ಅವನ ಎಲೆಗೆ ಮುದ್ದೆ ಇಕ್ಕುವಾಗ ತುಟಿ ಕಚ್ಚಿಕೊಂಡಿರುತ್ತಿದ್ದರು. ಉಂಡ ಮೇಲೆ ಊಟದ ಚಿಲ್ಲರೆಯನ್ನು ಒಂದು ಪೈಸೆ ಕಮ್ಮಿ ಇಲ್ಲದಂತೆ ಗೂಡಿನಲ್ಲಿಟ್ಟು, ಕೈತೊಳೆಯುವ ನೆಪದಲ್ಲಿ ಹಿತ್ತಲಿನಿಂದ ಮಾಯ. "ಅಕ್ಕಾ, ಊಟ ಹಾಕಬೇಡಿ ಅವನಿಗೆ" ಅಂತ ನಾನು ಎಷ್ಟೋ ಸಲ ಹೇಳಿದೆ. "ದುಡ್ಡು ತಿಂದೋನು ಬ್ಯಾರೆ, ಮುದ್ದೆ ತಿನ್ನೋಕೆ ಬಂದೋನು ಬ್ಯಾರೆ. ನೀನು ಸುಮ್ಕಿರು" ಎನ್ನುತ್ತಿದ್ದರು.

ಒಂದು ದಿನ ತಮ್ಮನನ್ನು ಗಣಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ಕರೆದುಕೊಂಡು ಬಂದವರು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನು ಕರೆದು, "ತಮ್ಮಯ್ಯ, ಲಾಯರ ತಾವಕ್ಕೆ ಓಗ್ಬೇಕಾದ್ರೆ ಯಾವ ರೈಲಿಗೆ ಓಗ್ಬೇಕು?" ಅಂದರು.

ವಕೀಲರು ಬಂಗಾರಪೇಟೆಯವರು, ವಯಸ್ಸಾದವರು. ರಸೀದಿ ನೋಡಿ, "ದಾವೆ ಗೆಲ್ಲೋದು ಮದುವೆ ಆದ ಹಾಗೆ ತಾಯಿ. ಅದು ಸುಲಭ. ಸಂಸಾರ ಆಮೇಲೆ ಇರೋದು" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ದಳ್ಳಾಳಿ ಕೋರ್ಟಿನಲ್ಲಿ ಸಾಲವನ್ನು ಅಲ್ಲಗಳೆಯಲೇ ಇಲ್ಲ. ಕೈಮುಗಿದು, ನಿಜ ಸ್ವಾಮಿ, ಕೊಡಬೇಕು, ಈಗ ಕೈಯಲ್ಲಿಲ್ಲ ಅಂದ. ಹಾಗೆ ಹೇಳುವುದಕ್ಕೆ ಒಂದೂವರೆ ವರ್ಷ ವಾಯಿದೆ ಪಡೆದಿದ್ದ. ಅಕ್ಕನ ಕಡೆಗೆ ಡಿಕ್ರಿ ಆಯಿತು. ಜಪ್ತಿ ಮಾಡೋಣವೆಂದರೆ ವಾಸದ ಮನೆ ಹೆಂಡತಿಯ ಹೆಸರಿನಲ್ಲಿ. ಅವನ ಹೆಸರಿನಲ್ಲಿದ್ದದ್ದು ಕೋಟು ಮತ್ತು ಛತ್ರಿ. ಅವನ ಹತ್ತಿರ ದುಡ್ಡಿರುವುದು ಊರಿಗೆಲ್ಲ ಗೊತ್ತಿತ್ತು, ತೋರಿಸಿಕೊಡಲು ಯಾರಿಂದಲೂ ಆಗಲಿಲ್ಲ. ಉಳಿದದ್ದು ಒಂದೇ ದಾರಿ, ವಾರಂಟು ತೆಗೆದು ಆಸಾಮಿಯನ್ನೇ ಹಿಡಿಸಿ ಸಿವಿಲ್ ಜೈಲಿಗೆ ಹಾಕಿಸುವುದು. ಒಳಗೆ ಕೂತರೆ ಬಚ್ಚಿಟ್ಟದ್ದು ಹೊರಗೆ ಬರುತ್ತದೆ ಎಂದು ವಕೀಲರ ಅಂದಾಜು.

ಬಂಗಾರಪೇಟೆಯಲ್ಲಿ ಕೋರ್ಟಿನ ಅಮೀನ ವಾರಂಟು ಹಿಡಿದು ಹೋದಾಗೆಲ್ಲ ಅವನ ಮನೆಗೆ ಬೀಗ. ಆದರೆ ನೀವು ನಂಬುವುದಿಲ್ಲ, ಅವನು ಮೆಸ್ಸಿಗೆ ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕೋರ್ಟಿನಲ್ಲಿ ಪ್ರತಿವಾದಿ, ಇಲ್ಲಿ ಗಿರಾಕಿ. ಅಕ್ಕನ ಎಲೆ ಮುಂದೆ ತನ್ನನ್ನು ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ. ವಾರಂಟಿನ ಗಡುವು ಮುಗಿಯುವ ದಿನ, ಅದು ಪುಷ್ಯ ಮಾಸ, ಸಂಜೆ ಐದೂಕಾಲಿಗೆ ಅವನು ಬಂದು ಕೂತದ್ದನ್ನು ನೋಡಿ ನಾನು ಸ್ಟೇಷನ್ನಿಗೆ ಓಡಿದೆ. ನಾನು ಹೇಳಿಟ್ಟಂತೆ ಅಮೀನ ಅಲ್ಲೇ ಕಾದಿದ್ದ, ಆದರೆ ಅವನಿಗೆ ದಳ್ಳಾಳಿಯ ಮುಖ ಗೊತ್ತಿರಲಿಲ್ಲ. ಕರೆದುಕೊಂಡು ಬಂದೆ. ಅಕ್ಕ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತರು.

"ಉಣ್ತಾವ್ನೆ. ಜಗಲಿ ಮ್ಯಾಲೆ ಕೂತ್ಕಳಪ್ಪಾ. ಕೈ ತೊಳದ್ ಮ್ಯಾಲೆ ಕರ್ಕೊಂಡೋಗು."

"ಅಮ್ಮಾ, ಹೊತ್ತು ಮುಳುಗಿದ ಮೇಲೆ ನಾನು ಮನೆಯೊಳಕ್ಕೆ ಕಾಲಿಡೋ ಹಾಗಿಲ್ಲ. ಕಾನೂನು. ಆಮೇಲೆ ನನ್ನನ್ನ ಅನ್ನಬೇಡಿ" ಎಂದ ಅಮೀನ.

"ಒಂದು ಮುದ್ದೆ ನುಂಗೋಕೆ ಎಷ್ಟೊತ್ತು? ಕೂತ್ಕ."

ಒಳಗೆ ಕೂತವನಿಗೆ ಎಲ್ಲವೂ ಕೇಳಿಸಿತ್ತು. ಅವನು ಬೆವರಲಿಲ್ಲ. ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟು ಮುರಿಯುತ್ತ, "ಅಕ್ಕಯ್ಯಾ, ಇನ್ನೊಂದು ಮುದ್ದೆ" ಅಂದ. ಅಕ್ಕ ಇಕ್ಕಿದರು. ಅದಾದ ಮೇಲೆ ಅನ್ನ ಕೇಳಿದ. ಸಾರು ಕೇಳಿದ. ಸಾರಿಗೆ ಇನ್ನಷ್ಟು ಅನ್ನ ಕೇಳಿದ. ಗಣಿಯ ಹುಡಿಮಣ್ಣು ಸುರಿದು ಗುಡ್ಡವಾದ ಸೈನೈಡ್ ದಿಬ್ಬದ ಹಿಂದಕ್ಕೆ ಹೊತ್ತು ಇಳಿಯುತ್ತಿತ್ತು. ನಾನು ಬಾಗಿಲಿಂದ ದಿಬ್ಬ ನೋಡುವುದು, ಎಲೆ ನೋಡುವುದು. "ಅಕ್ಕಾ, ಮುಗೀತು ಅನ್ನಿ, ಇಲ್ಲ ಅನ್ನಿ" ಎಂದು ಕಿವಿಯಲ್ಲಿ ಹೇಳಿದೆ. ಪಾತ್ರೆಯಲ್ಲಿ ಅನ್ನ ಇರುವಾಗ ಇಲ್ಲ ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಅವನು ಮಜ್ಜಿಗೆ ಕೇಳಿದ. ಎರಡನೇ ಸಲ ಕೇಳಿದ. ಅದು ಮುಗಿಯುವ ಹೊತ್ತಿಗೆ ಅಮೀನ ಜಗಲಿಯಿಂದ ಎದ್ದು, ಆಕಾಶ ನೋಡಿ, ಕಾಗದ ಮಡಿಸಿದ. ದಳ್ಳಾಳಿ ಚಿಲ್ಲರೆ ಇಟ್ಟು ಹಿತ್ತಲಿಗೆ ಹೋದ. ಅಮೀನ ಲೈನು ಮನೆಗಳ ಸಾಲನ್ನು ಸುತ್ತಿಕೊಂಡು ಹಿಂದಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಚೊಂಬು ಮಾತ್ರ ಉರುಳಿಬಿದ್ದಿತ್ತು.

ಅವತ್ತು ನಾನು ಅಕ್ಕನ ಮೇಲೆ ಕೂಗಾಡಿದೆ. ನಿಮ್ಮ ಕಟ್ಟಳೆಯನ್ನು ನೀವೇ ಉಪ್ಪಿನಕಾಯಿ ಹಾಕಿಕೊಳ್ಳಿ ಎಂದುಬಿಟ್ಟೆ. ಅಕ್ಕ ಎಲೆಗಳನ್ನು ಎತ್ತುತ್ತ, "ನಂಗೂ ಗೊತ್ತು ಕಣ್ಲಾ. ಬಾಯ್ ಬರ್ನಿಲ್ಲ, ಏನ್ ಮಾಡ್ಲಿ?" ಅಂದರು. ಮಾರನೆಯ ದಿನದಿಂದ ಅವರು ಬೇರೆಯೇ ಮನುಷ್ಯರಾದರು. ಹೊಸ ವಾರಂಟು ತೆಗೆಸಿದರು. ಮೆಸ್ಸನ್ನು ಪಕ್ಕದ ಮನೆಯ ಹೆಂಗಸಿಗೆ ಒಪ್ಪಿಸಿ, ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ, ಅಮೀನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಲಾಟ್‌ಫಾರಮ್ಮಿನಲ್ಲೇ ಕೂತರು. ಆರನೆಯ ದಿನ ಮದರಾಸಿನ ಕಡೆಯಿಂದ ಬಂದ ಗಾಡಿಯಿಂದ ಕಪ್ಪು ಕೋಟು ಇಳಿಯಿತು. "ಇವ್ನೇ" ಅಂತ ಅಕ್ಕ ಬೆರಳು ತೋರಿಸಿದರಂತೆ. ಅವನು "ಅಕ್ಕಯ್ಯಾ, ಊಟ ಆಗಿಲ್ಲ" ಅಂದನಂತೆ. "ಅಲ್ಲೇ ಆಕ್ತಾರೆ ಓಗು" ಅಂದರಂತೆ.

ಅಕ್ಕ ಹಾಗೆ ಹೇಳಿದಾಗ ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸಿದರೆ ಅಲ್ಲಿ ಅವನ ಊಟದ ಖರ್ಚನ್ನು ಸಾಲ ಕೊಟ್ಟವರೇ ಕೊಡಬೇಕು. ತಿಂಗಳು ತಿಂಗಳು, ಮುಂಗಡವಾಗಿ, ಒಂದನೇ ತಾರೀಖಿನೊಳಗೆ ಕೋರ್ಟಿಗೆ ಕಟ್ಟಬೇಕು. ಅದಕ್ಕೆ ಬತ್ತೆ ಎನ್ನುತ್ತಾರೆ. ವಕೀಲರು ಇದನ್ನು ವಿವರಿಸಿದಾಗ ಅಕ್ಕ ಗಟ್ಟಿಯಾಗಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಒರಗಿದ್ರೂ ನಾನೇ ಇಕ್ಬೇಕು, ಒಳಗಿದ್ರೂ ನಾನೇ ಇಕ್ಬೇಕು. ಏನು ಪುಣ್ಯ ಮಾಡವ್ನಪ್ಪಾ ಇವ್ನು!" ಎಂದರು. ಹೆಚ್ಚೆಂದರೆ ಆರು ತಿಂಗಳು ಇಡಬಹುದು ಅಂದರು ವಕೀಲರು. ಅಕ್ಕ ಕಿವಿಯ ಓಲೆ ಅಡವಿಟ್ಟು ಮೊದಲ ತಿಂಗಳದ್ದು ಕಟ್ಟಿದರು. ಎರಡನೆಯದನ್ನೂ ಕಟ್ಟಿದರು. ಕೋಲಾರದ ಜೈಲಿನಲ್ಲಿ ಅವನಿಗೆ ಹೊಟ್ಟೆತುಂಬ ಹಾಕುತ್ತಾರೋ ಇಲ್ಲವೋ ಎಂದು ಅಮೀನನನ್ನು ವಿಚಾರಿಸಿದ್ದೂ ಉಂಟು. ಬಿಡುವ ಮಾತು ಮಾತ್ರ ಆಡಲಿಲ್ಲ.

ಮೂರನೆಯ ತಿಂಗಳು ಬಂದಾಗ ತಮ್ಮನಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕ ಅವನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಬತ್ತೆಯ ದುಡ್ಡನ್ನು ಒಂದು ಬಟ್ಟೆ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, "ನಾಳೀಕೆ ಕಟ್ಬುಡು ತಮ್ಮಯ್ಯ. ತಪ್ಪಿಸ್ಬ್ಯಾಡ" ಅಂದರು.

ಇನ್ನು ಮುಂದಿನದು ನನ್ನ ವಿಷಯ. ಇದನ್ನು ನಾನು ಹೆಂಡತಿಗೂ ಪೂರ್ತಿ ಹೇಳಿಲ್ಲ.

ಅದೇ ದಿನ ಆಫೀಸು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ದಳ್ಳಾಳಿಯ ಹೆಂಡತಿ ನಿಂತಿದ್ದಳು. ಸೊಂಟದ ಮೇಲೆ ಮೂರು ವರ್ಷದ ಹೆಣ್ಣುಮಗು, ಮೂಗು ಸೋರುತ್ತಿತ್ತು. "ಅಣ್ಣಾ, ಅವ್ರಿಗೆ ಜೈಲಲ್ಲಿ ಜ್ವರ. ಮನೇಲಿ ಒಲೆ ಅಚ್ಚಿ ಮೂರು ದಿನ ಆತು. ಮನೆ ಮಾರಿ ಅಕ್ಕನ ದುಡ್ಡು ಪೂರಾ ಕೊಟ್ಬುಡ್ತೀವಿ. ಗಿರಾಕಿ ಅವ್ರೆ. ಆದ್ರೆ ಅವ್ರು ಒರಗ್ ಬಂದು ಮಾತಾಡ್ದೆ ಯಾಪಾರ ಆಗಲ್ಲ. ಈ ತಿಂಗಳ ಬತ್ತೆ ಕಟ್ಟದಿದ್ರೆ ಬಿಡ್ತಾರಂತೆ. ಈ ಮಗೀನ ಮ್ಯಾಲೆ ಆಣೆ" ಎಂದು ಮಗುವಿನ ತಲೆ ಮೇಲೆ ಕೈಯಿಟ್ಟಳು. ಮಗು ನನ್ನ ಜೇಬಿನ ಪೆನ್ನಿಗೆ ಕೈ ಚಾಚಿತು.

ನಾನು ಕರಗಿಹೋದೆ. ಆ ರಾತ್ರಿ ಎಲ್ಲ ನನಗೆ ನಾನೇ ವಕೀಲನಾಗಿ ವಾದ ಮಾಡಿದೆ. ಎರಡು ತಿಂಗಳಾದರೂ ಅವನು ಬಾಯಿ ಬಿಟ್ಟಿಲ್ಲ. ಅಕ್ಕನ ಓಲೆ ಹೋಗಿದೆ. ಹೀಗೇ ಆದರೆ ಮಿಕ್ಕದ್ದೂ ಹೋಗುತ್ತದೆ. ಒಂದು ತಿಂಗಳು ಹೊರಗೆ ಬಿಟ್ಟು ನೋಡೋಣ, ಮನೆ ಮಾರಿ ಕೊಟ್ಟರೆ ಅಕ್ಕನಿಗೇ ಒಳ್ಳೆಯದು, ಕೊಡದಿದ್ದರೆ ಮತ್ತೆ ಹಿಡಿಸಿದರಾಯಿತು. ವಕೀಲರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಒಳಗೊಳಗೇ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಆ ಹೆಂಗಸಿನ ಎದುರು ದೊಡ್ಡ ಮನುಷ್ಯನಾಗಿ ಕಾಣುವುದು ನನಗೆ ಹಿತವಾಗಿತ್ತು. ಮಾರನೆಯ ದಿನ ಬೇಕೆಂದೇ ಮಧ್ಯಾಹ್ನದ ರೈಲು ಹಿಡಿದೆ. ಹೋಗುವಷ್ಟರಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಹೊತ್ತು ಮುಗಿದಿತ್ತು. ಗಡುವೂ ಅವತ್ತಿಗೇ ಮುಗಿಯಿತು.

ದಳ್ಳಾಳಿಯನ್ನು ಬಿಟ್ಟರು. ಹದಿನೈದು ದಿನಕ್ಕೆ ಅವರ ಮನೆ ಮಾರಾಟವಾಯಿತು, ಆ ಮಾತು ನಿಜ. ಮಾರಾಟವಾದ ಮರುದಿನವೇ ಗಂಡ, ಹೆಂಡತಿ, ಮಗು ಮೂವರೂ ಊರು ಬಿಟ್ಟಿದ್ದರು. ಮದರಾಸು ಅಂದರು ಕೆಲವರು, ಚಿತ್ತೂರು ಅಂದರು ಕೆಲವರು. ನಾನು ವಕೀಲರ ಹತ್ತಿರ ಓಡಿಹೋಗಿ, ಮತ್ತೆ ವಾರಂಟು ತೆಗೆಸಿ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬತ್ತೆ ಕಟ್ಟದೆ ಬಿಡುಗಡೆ ಆದವನನ್ನ ಅದೇ ಡಿಕ್ರಿಗೆ ಇನ್ನೊಂದು ಸಲ ಹಿಡಿಯೋ ಹಾಗಿಲ್ಲಪ್ಪ. ಆ ಯಮ್ಮನಿಗೆ ನಾನು ಹತ್ತು ಸಲ ಹೇಳಿದ್ದೆ. ನಿನಗೆ ಹೇಳಲಿಲ್ಲವೇ?"

"ತಪ್ಪಿಸ್ಬ್ಯಾಡ" ಅಂತ ಹೇಳಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ.

ಅಕ್ಕನಿಗೆ ರೈಲು ತಡವಾಯಿತು ಎಂದು ಸುಳ್ಳು ಹೇಳಿದೆ. ಅವರು ತಮ್ಮನ ಬೆನ್ನು ನೀವುತ್ತ ಕೂತಿದ್ದವರು, ಕೈ ನಿಲ್ಲಿಸದೆ, "ರೈಲು ತಡ ಆದ್ರೆ ನೀನಾದ್ರೂ ಏನ್ ಮಾಡೀಯ" ಅಂದರು. ಬಟ್ಟೆಯ ಗಂಟನ್ನು ಹಿಂದಕ್ಕೆ ಕೊಟ್ಟೆ, ಇಸಿದುಕೊಂಡರು. ಅದಾಗಿ ಎರಡು ತಿಂಗಳಿಗೆ ತಮ್ಮನನ್ನು ಕೆಲಸಕ್ಕೆ ಆಗದವನು ಎಂದು ಬರೆದರು. ಲೈನು ಮನೆ ಖಾಲಿ ಮಾಡಿ ಬಂಗಾರಪೇಟೆಯಲ್ಲಿ ಒಂದು ಅಕ್ಕಿ ಮಿಲ್ಲಿನ ಹಿಂದೆ ತಗಡಿನ ಶೆಡ್ಡು ಬಾಡಿಗೆಗೆ ಹಿಡಿದರು. ಮಿಲ್ಲಿನ ಹೊಟ್ಟಿನ ಧೂಳು ಬೆಳಗಿನಿಂದ ಸಂಜೆಯ ತನಕ ಒಳಗೆ ಬರುತ್ತಿತ್ತು. ಕಲ್ಲಿನ ಧೂಳು ಕುಡಿದ ಎದೆ ಅದನ್ನು ತಡೆಯಲಿಲ್ಲ. ಆ ವರ್ಷದ ದೀಪಾವಳಿಗೆ ಮುಂಚೆಯೇ ತಮ್ಮ ತೀರಿಕೊಂಡ. ಹೆಗಲು ಕೊಟ್ಟ ನಾಲ್ವರಲ್ಲಿ ನಾನೂ ಒಬ್ಬ. ಅಕ್ಕ ತವರಿನ ಹಳ್ಳಿಗೆ ಹೋಗಿ, ಯಾರದೋ ಹೊಲದಲ್ಲಿ ಕೂಲಿ ಮಾಡಿಕೊಂಡು, ದೂರದ ನೆಂಟರ ಮನೆಯ ಪಡಸಾಲೆಯಲ್ಲಿ ಉಳಿದರು.

ಏಳೆಂಟು ವರ್ಷ ಆ ಕಡೆ ತಲೆ ಹಾಕಲು ನನಗೆ ಧೈರ್ಯ ಬರಲಿಲ್ಲ. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಆ ಮಗಳಿಗೆ ಮೂರು ವರ್ಷ ತುಂಬಿದಾಗ ಅದ್ಯಾಕೋ ತಡೆಯಲಾಗದೆ ಒಂದು ಭಾನುವಾರ ಕಾಮಸಮುದ್ರದ ಬಸ್ಸು ಹತ್ತಿದೆ. ಅಕ್ಕ ಕಣದಲ್ಲಿ ಹುರುಳಿ ಕೇರುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸಂತೋಷಪಟ್ಟರು, ಗಣಿಯಲ್ಲಿ ಯಾರು ಯಾರು ಇದ್ದಾರೆ, ಯಾರು ಹೋದರು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ರೈಲು ತಡವಾಗಿರಲಿಲ್ಲ ಅಕ್ಕಾ, ನಾನೇ ಬೇಕೆಂದು ತಡ ಮಾಡಿದೆ, ಆ ಮಗುವಿನ ಮುಖ ನೋಡಿ ಮನಸ್ಸು ತಡೆಯಲಿಲ್ಲ ಅಂದೆ.

ಮೊರ ನಿಂತಿತು. ಅವರು ಬೈಯುತ್ತಾರೆ ಎಂದು ಕಾದೆ. ತಮಿಳಿನಲ್ಲಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವ್ಳು ಮೊದ್ಲು ನನ್ನತ್ರಾನೇ ಬಂದಿದ್ಲು" ಅಂದರು. "ಆಸ್ಪತ್ರೆ ಬಾಗ್ಲಲ್ಲಿ. ಅದೇ ಮಗೀನ್ ಎತ್ಕೊಂಡು. ಈ ತಿಂಗಳದ್ದು ಕಟ್ತೀನಿ ಕಣಮ್ಮಿ, ಬರೋ ತಿಂಗಳು ಯೋಚ್ನೆ ಮಾಡಾನ ಅಂದು ಕಳಿಸಿದ್ದೆ."

"ನನಗೆ ಗೊತ್ತಿರಲಿಲ್ಲ ಅಕ್ಕಾ."

"ನೀನು ಕೇಳ್ನಿಲ್ಲ." ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಆಚೆ ಎಸೆದರು. "ದುಡ್ಡು ಓಯ್ತು, ತಮ್ಮ ಓದ, ಅದು ನನ್ ಅಣೇಬರ. ನಿನ್ ಮ್ಯಾಲೆ ಆಕಲ್ಲ ಬಿಡು. ಆದ್ರೆ ತಮ್ಮಯ್ಯ, ಒಂದು ಸಂಗ್ತಿ ಮಾತ್ರ ನಂಗೆ ಈಗ ಸಂಕ್ಟ ಆಗ್ತದೆ. ಬರೋ ತಿಂಗಳು ನಾನೇ ಅವ್ನನ್ನ ಬಿಟ್ಬುಡ್ತಿದ್ನೋ ಏನೋ. ಬಿಡ್ತಿರ್ನಿಲ್ವೋ ಏನೋ. ನಾನು ಎಂಥೋಳು ಅಂತ ಇನ್ನ ಎಂಗಪ್ಪಾ ಗೊತ್ತಾಗೋದು ನಂಗೆ?"

ಕೊನೆಯ ಬಸ್ಸಿಗೆ ಹೊತ್ತಾಯಿತು, ಓಡು ಎಂದು ಅವರೇ ಹೇಳಿ, ಮೊರ ಎತ್ತಿಕೊಂಡರು.